ಬಾಗಿಲು ತೆರೆದರೂ ಓಡದವರು
ಅಪೊಸ್ತಲರ ಕೃತ್ಯಗಳು 16:25–34, ವಚನಾನುಸಾರ ವ್ಯಾಖ್ಯಾನ

ಪೀಠಿಕೆ

ವರ್ತೂರು, ಗುಂಜೂರು, ವೈಟ್‌ಫೀಲ್ಡ್ ಕಡೆಯ ಸಭೆಗಳಲ್ಲಿ ಸಾಕ್ಷಿ ಹೇಳಲು ಎದ್ದು ನಿಲ್ಲುವವರ ಮಾತು ಸಾಮಾನ್ಯವಾಗಿ ಒಂದೇ ಹಾದಿ ಹಿಡಿಯುತ್ತದೆ. ಸಾಲವೋ ಕಾಯಿಲೆಯೋ ಕುಡಿತವೋ ಮೊದಲು ಬರುತ್ತದೆ, ನೆಂಟರು ಕೈಬಿಡುತ್ತಾರೆ, ಯಾರೋ ಪ್ರಾರ್ಥನೆ ಮಾಡುತ್ತಾರೆ, ಕರ್ತನು ಬಾಗಿಲು ತೆರೆಯುತ್ತಾನೆ. ಇಂಥ ಸಾಕ್ಷಿಗಳ ಬೆನ್ನಿಗೆ ಮತ್ತೆ ಮತ್ತೆ ಓದುವ ಭಾಗಗಳಲ್ಲೊಂದು ಫಿಲಿಪ್ಪಿ ಪಟ್ಟಣದ ಸೆರೆಮನೆಯ ಪ್ರಸಂಗ. ಭೂಕಂಪವಾಯಿತು, ಬಾಗಿಲು ತೆರೆಯಿತು, ಸೆರೆಮನೆಯ ಯಜಮಾನ ನಂಬಿದ ಎಂದು ಅದನ್ನು ಚುಟುಕಾಗಿ ಹೇಳಿ ಮುಗಿಸುವುದು ರೂಢಿ. ಆದರೆ ಈ ಹತ್ತು ವಚನಗಳಲ್ಲಿ ಭೂಕಂಪಕ್ಕೆ ಸಿಕ್ಕಿರುವುದು ಒಂದೇ ಒಂದು. ಉಳಿದ ಒಂಬತ್ತೂ ಮನುಷ್ಯರು ಒಬ್ಬರಿಗೊಬ್ಬರು ಏನು ಮಾಡಿದರು ಎಂಬುದನ್ನು ಹೇಳುತ್ತವೆ.

ಹಿನ್ನೆಲೆ

ಫಿಲಿಪ್ಪಿ ಇಂದಿನ ಉತ್ತರ ಗ್ರೀಸ್‌ನಲ್ಲಿದೆ. ಕ್ರಿ.ಪೂ. 42ರ ಯುದ್ಧದ ನಂತರ ನಿವೃತ್ತ ರೋಮನ್ ಸೈನಿಕರಿಗೆ ಜಮೀನು ಕೊಟ್ಟು ನೆಲೆಗೊಳಿಸಿದ ಊರು. ಪೌಲ, ಸೀಲ ಅಲ್ಲಿಗೆ ಬಂದದ್ದು ಕ್ರಿ.ಶ. 50ರ ಆಸುಪಾಸಿನಲ್ಲಿ. ಕಣಿ ಹೇಳುವ ಒಬ್ಬ ದಾಸಿಯನ್ನು ಅವಳನ್ನು ಹಿಡಿದಿದ್ದ ದೆವ್ವದಿಂದ ಪೌಲನು ಬಿಡಿಸಿದ. ಅವಳ ಕಣಿಯಿಂದ ದುಡ್ಡು ಮಾಡುತ್ತಿದ್ದ ಯಜಮಾನರ ಸಂಪಾದನೆ ನಿಂತುಹೋಯಿತು. ಅಧಿಕಾರಿಗಳ ಮುಂದೆ ಅವರು ಸಂಪಾದನೆಯ ಮಾತೇ ಎತ್ತಲಿಲ್ಲ. ಇವರು ಯೆಹೂದ್ಯರು, ನಮ್ಮ ಊರಿನ ಆಚಾರ ಕೆಡಿಸುತ್ತಿದ್ದಾರೆ ಎಂದು ದೂರಿದರು. ವಿಚಾರಣೆ ಇಲ್ಲದೆ ಇಬ್ಬರಿಗೂ ಬೆತ್ತದೇಟು ಬಿತ್ತು. ಒಳಗಣ ಕೋಣೆಯಲ್ಲಿ ಕಾಲಿಗೆ ಕೋಳ ಹಾಕಿ ಕೂರಿಸಿದರು.

25ನೆಯ ವಚನ: ನಡುರಾತ್ರಿ ಪೌಲ, ಸೀಲ ಪ್ರಾರ್ಥಿಸುತ್ತ ಹಾಡುತ್ತಿದ್ದರು, ಸೆರೆಯವರು ಕೇಳುತ್ತಿದ್ದರು.

ಹಾಡು ಬಂದದ್ದು ಬಿಡುಗಡೆಗೆ ಮುಂಚೆ. ಬೆನ್ನಿನ ಗಾಯ ಹಸಿಯಾಗಿಯೇ ಇತ್ತು, ಬೆಳಗಾದರೆ ಏನಾಗುವುದೋ ತಿಳಿದಿರಲಿಲ್ಲ. ‘ಹಾಡಿದ್ದರಿಂದ ಭೂಕಂಪವಾಯಿತು’ ಎಂದು ಪ್ರಸಂಗಗಳಲ್ಲಿ ಹೇಳುವುದುಂಟು. ವಚನ ಹಾಗೆ ಹೇಳುವುದಿಲ್ಲ. ಕಷ್ಟದಲ್ಲಿ ಹಾಡಿದರೆ ದೇವರು ಬಾಗಿಲು ತೆರೆಯಲೇಬೇಕು ಎಂದು ಕಲಿಸಿದರೆ, ಬಾಗಿಲು ತೆರೆಯದವರ ನಂಬಿಕೆಗೆ ಕೊರತೆ ಹಚ್ಚಿದಂತಾಗುತ್ತದೆ. ‘ಕೇಳುತ್ತಿದ್ದರು’ ಎಂಬ ವಿವರವೂ ಬರಿದೇ ಬಂದದ್ದಲ್ಲ. 28ನೆಯ ವಚನಕ್ಕೆ ಹೋದಾಗ ಅದರ ಬೆಲೆ ತಿಳಿಯುತ್ತದೆ.

26ನೆಯ ವಚನ: ದೊಡ್ಡ ಭೂಕಂಪ, ಬಾಗಿಲುಗಳು ತೆರೆದವು, ಎಲ್ಲರ ಬೇಡಿ ಕಳಚಿದವು.

ಆ ಸೀಮೆಯಲ್ಲಿ ಭೂಮಿ ನಡುಗುವುದು ಅಪರೂಪವಲ್ಲ. ಈ ಗ್ರಂಥ ಬರೆದ ಲೂಕನು ಇದನ್ನು ದೇವರ ಕೈವಾಡ ಎಂದೇ ಕಾಣಿಸುತ್ತಾನೆ, ಆದರೆ ಬಣ್ಣಿಸುತ್ತ ನಿಲ್ಲುವುದಿಲ್ಲ. ಪೌಲನ ಬೇಡಿ ಮಾತ್ರವಲ್ಲ, ಯಾವ ತಪ್ಪಿಗೆ ಒಳಗಿದ್ದರೋ ಗೊತ್ತಿಲ್ಲದ ಎಲ್ಲರ ಬೇಡಿಯೂ ಕಳಚಿತು. ಭಕ್ತರನ್ನಷ್ಟೇ ಆರಿಸಿ ಬಿಡಿಸುವ ದೇವರ ಚಿತ್ರ ಇಲ್ಲಿಲ್ಲ.

27ನೆಯ ವಚನ: ಎಚ್ಚೆತ್ತ ಸೆರೆಮನೆಯ ಯಜಮಾನ, ಎಲ್ಲರೂ ಓಡಿಹೋದರೆಂದು ತಿಳಿದು ಕತ್ತಿ ಹಿರಿದ.

ವರ್ತೂರಿನ ಓದುಗನಿಗೆ ಈ ವಚನ ಬೇಗ ತಟ್ಟಬೇಕು. ಕೆರೆಯ ಸುತ್ತ ಎದ್ದಿರುವ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಹನ್ನೆರಡು ಗಂಟೆ ನೈಟ್ ಡ್ಯೂಟಿ ಮಾಡುವ ಸೆಕ್ಯುರಿಟಿಯವನಿಗೂ ಈತನಿಗೂ ಭಯ ಒಂದೇ: ಕಳೆದುಹೋದದ್ದಕ್ಕೆಲ್ಲ ಕಾವಲಿದ್ದವನೇ ಹೊಣೆ. ಈತನ ಹೊಣೆ ಸಂಬಳದಲ್ಲಿ ಮುರಿಯುವಂಥದ್ದಲ್ಲ, ತಲೆ ಹೋಗುವಂಥದ್ದು. ಇದೇ ಗ್ರಂಥದ 12ನೆಯ ಅಧ್ಯಾಯದಲ್ಲಿ ಪೇತ್ರನು ಸೆರೆಯಿಂದ ಕಾಣೆಯಾದಾಗ ಹೆರೋದನು ಕಾವಲುಗಾರರಿಗೆ ಮರಣದಂಡನೆ ವಿಧಿಸಿದ್ದಾನೆ. ಸೆರೆಯವರಿಗೆ ಬಿಡುಗಡೆ ತಂದ ಭೂಕಂಪ ಈ ನೌಕರನ ಪಾಲಿಗೆ ಸಾವಾಗಿ ಬಂತು. ಅದ್ಭುತವೊಂದೇ ಅವನನ್ನು ಉಳಿಸಲಿಲ್ಲ, ಕತ್ತಿಯ ಅಂಚಿಗೆ ತಂದು ನಿಲ್ಲಿಸಿತು.

28ನೆಯ ವಚನ: ನಾವೆಲ್ಲರೂ ಇಲ್ಲೇ ಇದ್ದೇವೆ, ಕೇಡು ಮಾಡಿಕೊಳ್ಳಬೇಡ ಎಂದು ಪೌಲನು ಕೂಗಿದ.

ಇಡೀ ಭಾಗದ ನಡುಗಂಬ ಇದು. ಬಾಗಿಲು ತೆರೆದಿದೆ, ಬೇಡಿ ಬಿದ್ದಿದೆ, ಕತ್ತಲೆ ಇದೆ. ದೇವರೇ ದಾರಿ ತೋರಿಸಿದ ಎಂದು ಹೊರಟುಬಿಡಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಆದರೂ ಯಾರೂ ಕದಲಲಿಲ್ಲ. ರಾತ್ರಿಯೆಲ್ಲ ಹಾಡು ಕೇಳಿದವರೂ ಹಾಡಿದವರ ಜೊತೆಗೇ ಉಳಿದರು. ತನ್ನ ಕಾಲಿಗೆ ಕೋಳ ಜಡಿದವನ ಜೀವ ತನ್ನ ಬಿಡುಗಡೆಗಿಂತ ದೊಡ್ಡದು ಎಂದು ಪೌಲನು ಎಣಿಸಿದ. ಯಜಮಾನನ ಮನಸ್ಸು ತಿರುಗಿದ್ದು ಈ ಕೂಗಿನಿಂದ.

29–30: ದೀಪ ತರಿಸಿ, ಒಳಗೆ ಹಾರಿ, ನಡುಗುತ್ತ ಅಡ್ಡಬಿದ್ದ, ಹೊರಗೆ ಕರೆತಂದು, ರಕ್ಷಣೆಗೆ ತಾನೇನು ಮಾಡಬೇಕೆಂದು ಕೇಳಿದ.

ಭೂಮಿ ನಿಂತ ಮೇಲೂ ನಡುಗುತ್ತಿದ್ದಾನೆ. ಸೆರೆಯವರು ಇದ್ದಲ್ಲೇ ಇರುವುದರಿಂದ ಮೇಲಧಿಕಾರಿಗಳ ಭಯ ಈಗಿಲ್ಲ. ಕಣ್ಣಾರೆ ಕಂಡ ಒಳ್ಳೆಯತನದ ಮುಂದೆ ತಾನೆಲ್ಲಿ ನಿಂತಿದ್ದೇನೆ ಎಂಬುದೇ ಉಳಿದ ಪ್ರಶ್ನೆ. ಸಂಜೆ ದಬ್ಬಿ ಒಳಹಾಕಿದವರನ್ನೇ ಈಗ ಅಯ್ಯಗಳಿರಾ ಎಂದು ಕರೆಯುತ್ತಾನೆ.

31–32: ಕರ್ತನಾದ ಯೇಸುವನ್ನು ನಂಬು, ನಿನಗೂ ಮನೆಯವರಿಗೂ ರಕ್ಷಣೆ, ಬಳಿಕ ಮನೆಯವರಿಗೆಲ್ಲ ವಾಕ್ಯ ತಿಳಿಸಿದರು.

ಒಬ್ಬ ನಂಬಿದರೆ ಮನೆಮಂದಿಯೆಲ್ಲ ತಾನಾಗಿಯೇ ಒಳಗೆ ಬರುತ್ತಾರೆ ಎಂಬ ಭರವಸೆಯನ್ನು 31ನೆಯ ವಚನದಿಂದ ತೆಗೆಯುವವರುಂಟು. 32 ಅದನ್ನು ತಿದ್ದುತ್ತದೆ: ಪ್ರತಿಯೊಬ್ಬರೂ ಕೇಳಬೇಕಾಯಿತು. ಮನೆ ಒಟ್ಟಾಗಿ ಬರದ ಕಥೆಗಳು ಕನ್ನಡನಾಡಿನಲ್ಲಿವೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ, ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಅವರ ಬಳಿ ಕಲಿತು 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರು ಕುದಿಯಿತು, ಬಂಧುಗಳು ದೂರವಾದರು. ಬಾಸೆಲ್‌ಗೆ ಹೋಗಿ ಓದಿ, ದೀಕ್ಷಿತ ಬೋಧಕನಾಗಿ 1851ರಲ್ಲಿ ಹಿಂತಿರುಗಿದ ಅವರು, ಮುಂದೆ ಕೊಡಗಿನ ಆನಂದಪುರದಲ್ಲಿ, ಕಾಫಿ ತೋಟಗಳ ನಡುವಿನ ದಲಿತ ಕೂಲಿಗಳ ಜೊತೆ ಬಾಳಿ ದುಡಿದರು. ಮತಾಂತರದಿಂದ ಜಾತಿಯ ಕಸುಬು, ಆಸರೆ ಕಳೆದುಕೊಂಡವರಿಗಾಗಿ ಅದೇ ಮಿಶನ್ ನೇಯ್ಗೆ ಕಾರ್ಖಾನೆಗಳನ್ನೂ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ನಂಬಿದ್ದರಿಂದ ಕಷ್ಟ ತೀರಿತು ಎನ್ನುವ ಸಾಕ್ಷಿಗಳಿರುವಂತೆ ನಂಬಿದ್ದರಿಂದಲೇ ಕಷ್ಟ ಶುರುವಾದ ಬಾಳುಗಳೂ ಇವೆ ಎಂದು ಈ ಚರಿತ್ರೆ ನೆನಪಿಸುತ್ತದೆ.

33ನೆಯ ವಚನ: ಆ ರಾತ್ರಿಯೇ ಅವರ ಗಾಯಗಳನ್ನು ತೊಳೆದ, ಕೂಡಲೇ ತಾನೂ ತನ್ನವರೂ ದೀಕ್ಷಾಸ್ನಾನ ಪಡೆದರು.

ಕ್ರಮ ನೋಡಿ. ದೀಕ್ಷಾಸ್ನಾನಕ್ಕೆ ಮುಂಚೆ ಗಾಯ ತೊಳೆದದ್ದು ಬರುತ್ತದೆ. ಸಂಜೆ ಅದೇ ಗಾಯಗಳನ್ನು ನೋಡಿಯೂ ನೋಡದಂತೆ ಬಾಗಿಲು ಹಾಕಿ ಮಲಗಿದ್ದವನು ಈತ. ನಾಲ್ಕನೆಯ ಶತಮಾನದ ಪ್ರಸಂಗಕಾರ ಯೋಹಾನ ಕ್ರಿಸೊಸ್ತೊಮನೂ ಈ ವಚನಕ್ಕೆ ಬಂದಾಗ, ಅವನು ಅವರ ಗಾಯ ತೊಳೆದ, ಅವನ ಪಾಪ ತೊಳೆಯಿತು ಎಂಬ ಅರ್ಥದಲ್ಲಿ ಎರಡನ್ನೂ ಒಟ್ಟಿಗೆ ಇಟ್ಟು ವಿವರಿಸಿದ್ದಾನೆ. ಮನಸ್ಸು ತಿರುಗಿದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಮೊದಲ ಗುರುತು, ತನ್ನ ಕೈಯಿಂದಲೋ ತನ್ನ ಕಾವಲಿನಲ್ಲೋ ನೊಂದವನ ಬಳಿಗೆ ನೀರು ಹಿಡಿದು ಹೋಗುವುದು.

34ನೆಯ ವಚನ: ಮನೆಗೆ ಕರೆದೊಯ್ದು ಊಟಕ್ಕೆ ಬಡಿಸಿದ; ಮನೆಯವರೆಲ್ಲ ಸಂತೋಷಪಟ್ಟರು.

ಕೈದಿ, ಕಾವಲುಗಾರ ಒಂದೇ ಊಟಕ್ಕೆ ಕೂತರು. ಪೌಲನೇನೂ ಅಲ್ಲಿಂದ ಪರಾರಿಯಾಗಲಿಲ್ಲ. ಬೆಳಿಗ್ಗೆ ಗುಟ್ಟಾಗಿ ಬಿಟ್ಟುಬಿಡಲು ಅಧಿಕಾರಿಗಳು ಹೇಳಿಕಳುಹಿಸಿದಾಗ, ರೋಮನ್ ಪ್ರಜೆಯನ್ನು ವಿಚಾರಿಸದೆ ಹೊಡೆಸಿದವರೇ ಬಂದು ಕರೆದೊಯ್ಯಲಿ ಎಂದ. ಅವರು ಬಂದರು. ಕ್ಷಮೆಯೂ ನ್ಯಾಯದ ಕೇಳಿಕೆಯೂ ಒಂದೇ ಬಾಯಲ್ಲಿ ಬರಬಹುದು. ನಂಬಿಕೆ ಎಂದರೆ ಅನ್ಯಾಯವನ್ನು ನುಂಗಿಕೊಂಡಿರುವುದಲ್ಲ.

ತಾತ್ಪರ್ಯ

ದೇವರು ಬಾಗಿಲು ತೆರೆದದ್ದು ಒಂದು ಗಳಿಗೆಯ ಮಾತು. ತೆರೆದ ಬಾಗಿಲ ಮುಂದೆ ಒಬ್ಬ ಇನ್ನೊಬ್ಬನಿಗಾಗಿ ನಿಂತದ್ದರಿಂದ ಒಂದು ಮನೆ ಬದಲಾಯಿತು. ಆ ಬದಲಾವಣೆ ರಾತ್ರಿಯೊಂದಿಗೆ ಮುಗಿಯಲಿಲ್ಲ. ಪೌಲನು ಮುಂದೆ ಮತ್ತೆ ಸೆರೆಯಲ್ಲಿದ್ದಾಗ, ಎಪಫ್ರೊದೀತನ ಕೈಯಲ್ಲಿ ಅವನಿಗೆ ನೆರವು ಕಳುಹಿಸಿದ್ದು ಇದೇ ಫಿಲಿಪ್ಪಿಯ ಸಭೆ.