ಉಜ್ಜಿ ಅಳಿಸಿದ ಹೆಸರು

ಚೊಂಬಿನ ಕಂಠದ ಕೆಳಗೆ ‘ಮ್ಮ, ಹಾಸನ’ ಎಂಬಷ್ಟು ಮಾತ್ರ ಉಳಿದಿತ್ತು. ಅದರ ಹಿಂದಿನ ಅಕ್ಷರಗಳಿದ್ದ ಜಾಗ ನುಣ್ಣಗೆ ಹೊಳೆಯುತ್ತಿತ್ತು. ಬೆರಳಿನಿಂದ ಸವರಿದರೆ ಎರಡು ಮೂರು ಚುಕ್ಕೆಗಳು ಇನ್ನೂ ತಾಗುತ್ತವೆ, ಆದರೆ ಓದಲು ಬರುವುದಿಲ್ಲ. ನರಸಮ್ಮನೋ, ಸಾವಿತ್ರಮ್ಮನೋ, ಗೌರಮ್ಮನೋ ಇರಬೇಕು. “ಪೂರ್ತಿ ಕಪ್ಪಾಗಿತ್ತು ಮೇಡಂ, ಬಫಿಂಗ್ ಮಾಡಿಸಿದ ಮೇಲೆ ಹೀಗಾಯಿತು ನೋಡಿ” ಎಂದರು ಅಂಗಡಿಯಾಕೆ. ಅವರ ಮಾತಿನಲ್ಲಿ ಹೆಮ್ಮೆಯಿತ್ತು. ನನಗೆ ಮಾತ್ರ ಗಂಟಲು ಕಟ್ಟಿದ ಹಾಗಾಯಿತು.

ನಮ್ಮ ಕಡೆ ಪಾತ್ರೆ ಕೊಂಡರೆ ಹೆಸರು ಹಾಕಿಸದೆ ಮನೆಗೆ ತರುತ್ತಿರಲಿಲ್ಲ. ಪಾತ್ರೆ ಅಂಗಡಿಯವರು ಚೂಪು ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಬಡಿದು ಹೆಸರು ಮೂಡಿಸುತ್ತಿದ್ದರು. ಮದುವೆಯ ಉಡುಗೊರೆಯಾದರೆ ಕೊಟ್ಟವರ ಹೆಸರು, ತಾರೀಖು, ಊರು ಎಲ್ಲವೂ ಇರುತ್ತಿತ್ತು. ಊರಲ್ಲಿ ಯಾರ ಮನೆಯಲ್ಲಾದರೂ ಸಮಾರಂಭವಿದ್ದರೆ ಹತ್ತು ಮನೆಯ ಪಾತ್ರೆಗಳು ಅಲ್ಲಿಗೆ ಹೋಗುತ್ತಿದ್ದವು, ಹೆಸರು ನೋಡಿಕೊಂಡು ತಂತಮ್ಮ ಮನೆಗೆ ಹಿಂದಿರುಗುತ್ತಿದ್ದವು. ಓದು ಬರಹ ಕಲಿಯದ ಎಷ್ಟೋ ಹೆಣ್ಣುಮಕ್ಕಳ ಹೆಸರು ಅಕ್ಷರದಲ್ಲಿ ಉಳಿದಿರುವುದು ಈ ಪಾತ್ರೆಗಳ ಮೇಲೆ ಮಾತ್ರ. ಆ ಹೆಸರನ್ನು ಯಂತ್ರಕ್ಕೆ ಹಿಡಿದು ಸವೆಸಿದರೆ ಪಾತ್ರೆಗೆ ಹೊಳಪು ಬರುತ್ತದೆ, ಆದರೆ ಅದು ಯಾರ ಪಾತ್ರೆಯೂ ಆಗಿ ಉಳಿಯುವುದಿಲ್ಲ.

ಬೆಂಗಳೂರಿನ ದಕ್ಷಿಣ ಭಾಗದ ನಮ್ಮ ಬಡಾವಣೆಯ ಈ ಅಂಗಡಿಗೆ ನಾಲ್ಕು ವರ್ಷದಿಂದ ಹೋಗುತ್ತಿದ್ದೇನೆ. ಮಂಕಿ ಟಾಪ್ ಕಿಟಕಿಗಳಿರುವ ಹಳೆ ಮನೆಯೊಂದರ ಕೆಳಮಹಡಿ. ಮುಂದಿನ ಹಾಲಿನಲ್ಲಿ ಸೀರೆ, ರವಿಕೆ, ಶಾಲು, ಜರಿಯಂಚಿನ ಪಂಚೆಗಳು. ಒಳಕೋಣೆಯಲ್ಲಿ ಹಿತ್ತಾಳೆ, ಕಂಚು, ಪಿಂಗಾಣಿ ಭರಣಿ, ಗಡಿಯಾರ, ಬೀಟೆ ಮರದ ಪೆಟ್ಟಿಗೆ, ಗಾಜಿನ ಚೌಕಟ್ಟಿನ ದೇವರ ಪಟಗಳು. ಬಾಗಿಲು ದಾಟಿದರೆ ನುಸಿ ಗುಳಿಗೆಯ ವಾಸನೆ, ಅದರ ಹಿಂದೆ ಸಣ್ಣಗೆ ಗಂಧದೆಣ್ಣೆಯದು. ಇಂಥ ಅಂಗಡಿಗಳು ಈಗ ನಗರದ ಬಡಾವಣೆಗಳಲ್ಲಿ ಅಲ್ಲಲ್ಲಿ ತೆರೆದುಕೊಂಡಿವೆ. ಅವುಗಳನ್ನು ಹೊಗಳುವವರು ‘ಪರಂಪರೆಯ ರಕ್ಷಣೆ’ ಎನ್ನುತ್ತಾರೆ, ತೆಗಳುವವರು ‘ದುಡ್ಡಿದ್ದವರ ಶೋಕಿ’ ಎನ್ನುತ್ತಾರೆ. ಈ ಎರಡು ಮಾತಿನಿಂದ ವಿಷಯ ತೀರುವುದಿಲ್ಲ ಎಂಬುದು ನಾಲ್ಕು ವರ್ಷದ ಓಡಾಟದಲ್ಲಿ ನನಗೆ ಕಂಡದ್ದು.

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಇಂಥ ಅಂಗಡಿ ಇಲ್ಲದ ಕಾಲದಲ್ಲಿ ಹಳೆ ಸೀರೆಗಳು ಎಲ್ಲಿಗೆ ಹೋಗುತ್ತಿದ್ದವು? ತಲೆಯ ಮೇಲೆ ಬುಟ್ಟಿ ಹೊತ್ತು ‘ಪಾತ್ರೆ, ಸ್ಟೀಲ್ ಪಾತ್ರೆ’ ಎಂದು ಕೂಗಿಕೊಂಡು ಬರುವ ಹೆಂಗಸಿನ ಮುಂದೆ ಜಗುಲಿಯ ಮೇಲೆ ಸೀರೆಗಳ ರಾಶಿ ಬೀಳುತ್ತಿತ್ತು. ನಾಲ್ಕು ಸೀರೆಗೆ ಒಂದು ಡಬ್ಬಿ, ಆರಕ್ಕೆ ಒಂದು ಬೇಸಿನ್. ಜರಿ ಸೀರೆಯಾದರೆ ಕೊಳ್ಳುವವರು ಬೇರೆ. ‘ಹಳೆ ರೇಷ್ಮೆ ಸೀರೆ ಕೊಳ್ಳಲಾಗುವುದು’ ಎಂಬ ಬೋರ್ಡು ಬೆಂಗಳೂರಿನ ಹಳೆ ಪೇಟೆಗಳಲ್ಲಿ ಕಾಣದವರಿಲ್ಲ. ಅವರು ಅಂಚು ಸೆರಗು ನೋಡಿ, ಜರಿಯನ್ನು ಕೆರೆದು, ತೂಗಿ ಬೆಲೆ ಕಟ್ಟುತ್ತಾರೆ. ಅಸಲಿ ಜರಿಯೆಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತೆಳು ತಂತಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ಸುಟ್ಟರೆ ರೇಷ್ಮೆ ಬೂದಿಯಾಗಿ ಬೆಳ್ಳಿ ಉಳಿಯುತ್ತದೆ. ಎಷ್ಟು ಧಾರೆ ಸೀರೆಗಳು ಹೀಗೆ ಬೆಂಕಿಗೆ ಬಿದ್ದು ಬೆಳ್ಳಿಯ ಗುಂಡಾಗಿವೆಯೋ! ನಮ್ಮ ಅತ್ತೆಯ ಎರಡು ಸೀರೆಗಳು ಹೋದದ್ದು ಹಾಗೆಯೇ. ಅಂದು ಮನೆಯಲ್ಲಿ ಯಾರಿಗೂ ಬೇಸರವಾಗಲಿಲ್ಲ, ಒಳ್ಳೆಯ ಬೆಲೆ ಬಂತೆಂದೇ ಮಾತಾಡಿಕೊಂಡೆವು. ಬೆಂಕಿಗೆ ಹೋಗುವ ಸೀರೆಯನ್ನು ತಡೆದು ಇನ್ನೊಬ್ಬಳ ಮೈಮೇಲೆ ತರುವ ಅಂಗಡಿ, ಬೇರೇನು ತಪ್ಪು ಮಾಡಿದರೂ, ಒಂದು ದೊಡ್ಡ ಕೆಲಸ ಮಾಡಿದೆ.

ಉಟ್ಟ ಬಟ್ಟೆಯನ್ನು ಮತ್ತೊಬ್ಬರು ಕೊಂಡು ಉಡುವುದು ನಮ್ಮಲ್ಲಿ ಸುಲಭದ ಮಾತಾಗಿರಲಿಲ್ಲ. ಅಜ್ಜಿಯ ಸೀರೆ ಮೊಮ್ಮಗಳಿಗೆ ಬಂದರೆ ಆಶೀರ್ವಾದ, ಅಪರಿಚಿತರದು ಬಂದರೆ ಮೈಲಿಗೆ. ಸತ್ತವರ ಬಟ್ಟೆಯೋ ಏನೋ ಎಂಬ ಅಳುಕು ಬೇರೆ. ಕೆ.ಆರ್. ಮಾರುಕಟ್ಟೆಯ ಸುತ್ತಿನ ಫುಟ್‌ಪಾತಿನಲ್ಲಿ ಕೂಲಿಯವರು ಬಳಸಿದ ಅಂಗಿ, ಪ್ಯಾಂಟು ಆರಿಸಿ ಕೊಳ್ಳುವುದನ್ನು ನಾವು ಬಡತನವೆಂದು ನೋಡಿದೆವು. ಅದೇ ಕೆಲಸ ಹಳದಿ ದೀಪದ ಕೆಳಗೆ ನಡೆದರೆ ಅಭಿರುಚಿ ಎನ್ನುತ್ತೇವೆ. ಈ ಭೇದ ಸರಿಯಲ್ಲ. ಆದರೂ ಇಪ್ಪತ್ತೈದರ ಹುಡುಗಿಯೊಬ್ಬಳು ಅಂಜಿಕೆಯಿಲ್ಲದೆ ಯಾರದೋ ಇಳಕಲ್ ಸೀರೆಯನ್ನು ಮೈಗೆ ಹಿಡಿದು ಕನ್ನಡಿ ನೋಡಿಕೊಳ್ಳುವಾಗ, ಒಂದು ಹಳೆಯ ಗಂಟು ಸಡಿಲವಾದಂತೆ ನನಗೆ ಅನ್ನಿಸುತ್ತದೆ.

ಇಳಕಲ್ ಸೀರೆಯ ಮಾತು ಬಂತು. ಈ ಅಂಗಡಿಯ ಜಾಣ್ಮೆಯನ್ನೂ ಅಜ್ಞಾನವನ್ನೂ ನಾನು ಒಟ್ಟಿಗೆ ಕಂಡದ್ದು ಆ ಸೀರೆಯಲ್ಲೇ. ಇಳಕಲ್ಲಿನಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಸಾಮಾನ್ಯವಾಗಿ ಹತ್ತಿ, ಸೆರಗು ಕೆಂಪು ರೇಷ್ಮೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕುಣಿಕೆ ಹಾಕಿ ಜೋಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಸಾವಿರಾರು ಎಳೆಗಳನ್ನು ಹೀಗೆ ಕೂಡಿಸಬೇಕು, ಅದೂ ಪ್ರತಿ ಸೀರೆಗೂ ಹೊಸದಾಗಿ. ಸೀರೆಯನ್ನು ಬೆಳಕಿಗೆ ಹಿಡಿದರೆ ಮೈ ಮುಗಿದು ಸೆರಗು ಹುಟ್ಟುವ ಜಾಗದಲ್ಲಿ ಸಣ್ಣ ಸಾಲೊಂದು ಕಾಣುತ್ತದೆ. ನನ್ನ ಪಾಲಿಗೆ ಇಡೀ ಸೀರೆಯ ಪ್ರಾಣ ಆ ಸಾಲು. ಅಂಗಡಿಯಲ್ಲಿ ಒಂದು ದಿನ ಗಟ್ಟಿಮುಟ್ಟಾದ ಇಳಕಲ್ ಸೀರೆಯ ಸೆರಗನ್ನು ಸರಿಯಾಗಿ ಆ ಸಾಲಿನ ಮೇಲೆ ಕತ್ತರಿಸಿ ಜಾಕೆಟ್ಟು ಹೊಲಿಸಿ ತೂಗುಹಾಕಿದ್ದರು. ಉಳಿದ ಮೈಯನ್ನು ದಿಂಬಿನ ಕವರು ಮಾಡಿದ್ದರು.

ಹಳೆ ಸೀರೆ ಕತ್ತರಿಸುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಉತ್ತರ ಕರ್ನಾಟಕದ ಕೌದಿ ಹುಟ್ಟಿದ್ದೇ ಹರಿದ ಸೀರೆಗಳಿಂದ. ಅಜ್ಜಿಯರು ತುಂಡು ತುಂಡು ಜೋಡಿಸಿ, ದಾರದ ಸಾಲು ಓಡಿಸಿ, ಮಗುವಿಗೆ ಹೊದೆಯಲು ಕೊಟ್ಟರು. ಆದರೆ ಅವರು ಕತ್ತರಿಗೆ ಕೊಟ್ಟದ್ದು ಉಡಲು ಬಾರದಷ್ಟು ಜೀರ್ಣವಾದದ್ದನ್ನು. ಮಡಿಕೆಯಲ್ಲಿ ಸೀಳು ಬಿಟ್ಟ, ಅಂಚು ಕಳಚಿದ ಸೀರೆಯನ್ನು ಜಾಕೆಟ್ಟು ಮಾಡಲಿ, ಸಂತೋಷ. ಇನ್ನೂ ಇಪ್ಪತ್ತು ವರ್ಷ ಉಡಬಹುದಾದ ಸೀರೆಗೆ ಕತ್ತರಿ ಹಾಕುವುದು, ಬೆಳ್ಳಿಗಾಗಿ ಸುಡುವುದಕ್ಕಿಂತ ಹೆಚ್ಚು ಮೇಲಿನ ಕೆಲಸವಲ್ಲ.

ಇದೇ ಅಂಗಡಿಯಲ್ಲಿ ಕಸೂತಿಯ ಕಪ್ಪು ಸೀರೆಯೊಂದನ್ನು ಮಾತ್ರ ಬಹಳ ಮರ್ಯಾದೆಯಿಂದ ಇಟ್ಟಿದ್ದಾರೆ. ಅದನ್ನು ತೋರಿಸುವಾಗ ಅಂಗಡಿಯಾಕೆ ಮೊದಲು ಮಾಡಿದ ಕೆಲಸ ಸೀರೆಯನ್ನು ಮಗುಚಿ ಹಾಕಿದ್ದು. ಗವಂತಿ ಹೊಲಿಗೆಯಲ್ಲಿ ಗಂಟಿರುವುದಿಲ್ಲ; ಸೂಜಿ ಹೋದ ದಾರಿಯಲ್ಲೇ ಹಿಂತಿರುಗಿ ಬಿಟ್ಟ ಜಾಗವನ್ನು ತುಂಬುತ್ತದೆ, ಹಾಗಾಗಿ ಮುಂದೆ ಕಂಡ ಗೋಪುರ, ತೇರು ಹಿಂದೆಯೂ ಹಾಗೆಯೇ ಕಾಣುತ್ತವೆ. ಯಂತ್ರದ ಕಸೂತಿಯಾದರೆ ಹಿಂಬದಿಯಲ್ಲಿ ಬಾಬಿನ್ ದಾರದ ಬಿಳಿ ಗೋಜಲು ಎದ್ದು ತೋರುತ್ತದೆ. “ಯಾವ ಅಂಗಡಿಗೆ ಹೋದರೂ ಮೊದಲು ಬೆನ್ನು ನೋಡಿ ಮೇಡಂ” ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಋಣಿ. ಗಿರಾಕಿಗೆ ಕಣ್ಣು ಕೊಡುವ ವ್ಯಾಪಾರಿ ಸಿಗುವುದು ಅಪರೂಪ. ಕೊಂಡಿಯ ಮೇಲೆ ಕತ್ತರಿ ಆಡಿಸಿದ ಕೈಯೇ ಇಷ್ಟು ನಾಜೂಕಾಗಿ ಕಸೂತಿಯನ್ನು ಮಗುಚುವುದನ್ನು ಕಂಡಾಗ, ತಪ್ಪಿಗೆ ಕಾರಣ ದುರಾಸೆಗಿಂತ ತಿಳಿಯದಿರುವುದು ಎಂದು ನನಗೆ ಸ್ಪಷ್ಟವಾಯಿತು.

ಒಳಕೋಣೆಯ ವಿಷಯದಲ್ಲಿ ಇಷ್ಟು ಉದಾರವಾಗಿರಲು ನನ್ನಿಂದಾಗದು. ಅಲ್ಲಿ ಎಲ್ಲದರ ಮೇಲೂ ‘ಆಂಟಿಕ್’ ಎಂಬ ಚೀಟಿ. ಈ ದೇಶದಲ್ಲಿ ಆ ಮಾತಿಗೆ ಕಾನೂನಿನ ಭಾರವಿದೆ. 1972ರ ಪುರಾತನ ವಸ್ತುಗಳು ಮತ್ತು ಕಲಾಸಂಪತ್ತು ಕಾಯ್ದೆ 1976ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕಲೆ ಅಥವಾ ಕುಶಲ ಕೆಲಸದ ವಸ್ತು ನೂರು ವರ್ಷಕ್ಕೆ ಕಡಿಮೆಯಿಲ್ಲದೆ ಹಳೆಯದಾಗಿದ್ದರೆ ಪುರಾತನ ವಸ್ತು. ಮೌಲ್ಯವುಳ್ಳ ಹಸ್ತಪ್ರತಿಗೆ ಎಪ್ಪತ್ತೈದು ವರ್ಷ ಸಾಕು. ಅಂಥವನ್ನು ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಹೀಗಿರುವಾಗ ಚೀಟಿಯ ಮೇಲಿನ ಮಾತು ನಿಜವಾದರೆ ಪರವಾನಗಿ ತೋರಿಸಬೇಕು, ಪರವಾನಗಿ ಇಲ್ಲವಾದರೆ ಆ ಮಾತನ್ನೇ ತೆಗೆಯಬೇಕು. ‘ಅರವತ್ತು ವರ್ಷದ ಹಿಂದಿನದು’ ಎಂದು ಬರೆದರೆ ಯಾವ ವಸ್ತುವಿನ ಮಾನವೂ ಹೋಗುವುದಿಲ್ಲ. ನನ್ನ ತಾಯಿ ಕಾಫಿ ಬೀಜ ಪುಡಿ ಮಾಡುತ್ತಿದ್ದ ಯಂತ್ರಕ್ಕೆ ಅರವತ್ತೇ ವರ್ಷ, ಅದು ನನಗೆ ಅಮೂಲ್ಯ.

‘ನೂರೈವತ್ತು ವರ್ಷದ ತೇಗದ ಬೀರು’ ಎಂದು ತೋರಿಸಿದ್ದರ ಬಾಗಿಲು ತೆಗೆದು ನೋಡಿದೆ. ಒಳಗಿನ ಕೀಲುಗಳಿಗೆ ಹಾಕಿದ್ದು ಪ್ಲಸ್ ಗುರುತಿನ ಸ್ಕ್ರೂಗಳು. ಆ ಬಗೆಯ ಸ್ಕ್ರೂ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದೇ 1930ರ ದಶಕದಲ್ಲಿ. ಕೀಲು ಆಮೇಲೆ ಬದಲಾಗಿರಬಹುದು, ಒಪ್ಪೋಣ. ಆದರೆ ಮರದಲ್ಲಿ ಹಳೆ ಕೀಲಿನ ಅಚ್ಚೂ ಇಲ್ಲ, ಹಳೆ ತೂತೂ ಇಲ್ಲ. ಪಕ್ಕದಲ್ಲಿದ್ದ ಗ್ರಾಮಫೋನಿನ ಹಿತ್ತಾಳೆ ಕಹಳೆ ಥಳಥಳ ಹೊಳೆಯುತ್ತಿತ್ತು, ಪೆಟ್ಟಿಗೆ ನಿನ್ನೆ ಮೊನ್ನೆ ವಾರ್ನಿಷ್ ಕಂಡದ್ದು. ಇಂಥ ಗ್ರಾಮಫೋನುಗಳನ್ನು ಅಲಂಕಾರಕ್ಕಾಗಿಯೇ ಹೊಸದಾಗಿ ಜೋಡಿಸುತ್ತಾರೆ. ರವಿವರ್ಮನ ಲಕ್ಷ್ಮಿ, ಸರಸ್ವತಿ ಪಟಗಳೂ ಹಾಗೆಯೇ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ತೆರೆದ, ಕಲ್ಲಚ್ಚಿನಲ್ಲಿ ಮುದ್ರಿಸಿದ. ಭೂತಗಾಜು ಹಿಡಿದು ನೋಡಿದರೆ ಕಲ್ಲಚ್ಚಿನ ಬಣ್ಣ ಮರಳು ಚೆಲ್ಲಿದಂತೆ ಅಡ್ಡಾದಿಡ್ಡಿ ಕಾಣುತ್ತದೆ. ಇತ್ತೀಚಿನ ಆಫ್‌ಸೆಟ್ ಮುದ್ರಣವಾದರೆ ಪುಟ್ಟ ಹೂವುಗಳ ಹಾಗೆ ಅಚ್ಚುಕಟ್ಟು ಚುಕ್ಕೆಗಳ ಸಾಲು. ನಾನು ನೋಡಿದ ಮೂರು ಪಟಗಳಲ್ಲಿ ಎರಡು ಹೂವಿನ ಚುಕ್ಕೆಯವು. ಮೂರಕ್ಕೂ ಒಂದೇ ಬೆಲೆ.

ಬೆಲೆ ಹೆಚ್ಚೆಂಬ ದೂರು ನನ್ನದಲ್ಲ. ಸೀರೆಯನ್ನು ಒಗೆಸಿ, ರಫೂ ಮಾಡಿಸಿ, ಫಾಲ್ ಬದಲಿಸಿ, ಆರು ತಿಂಗಳಿಗೊಮ್ಮೆ ಮಡಿಕೆ ತಿರುವಿಡುವುದಕ್ಕೆ ಕೂಲಿಯಿದೆ. ಬೆಲೆಗೆ ತಕ್ಕ ಮಾತು ಸಿಗಬೇಕು ಎಂಬುದಷ್ಟೇ ನನ್ನ ಆಗ್ರಹ. ಇದು ಎಲ್ಲಿಂದ ಬಂತು, ಯಾರು ಬಳಸಿದರು, ಎಲ್ಲಿ ರಿಪೇರಿಯಾಗಿದೆ? ಕೇಳಿದರೆ ‘ಕಾರೈಕುಡಿ ಕಡೆಯದು’ ಎಂಬ ಉತ್ತರ ಸಿದ್ಧವಿರುತ್ತದೆ. ಚೆಟ್ಟಿನಾಡಿನ ದೊಡ್ಡ ಮನೆಗಳು ಬಿಚ್ಚಿಹೋಗಿ ಕಂಬ, ಬಾಗಿಲು, ಎನಾಮಲ್ ಪಾತ್ರೆಗಳು ಕಾರೈಕುಡಿಯ ಬೀದಿಯಲ್ಲಿ ಮಾರಾಟಕ್ಕೆ ಬಂದದ್ದು ನಿಜ. ಆದರೆ ಎಲ್ಲವೂ ಅಲ್ಲಿಂದಲೇ ಬರಲು ಸಾಧ್ಯವಿಲ್ಲ. ಹಾಸನದ ಆ ಚೊಂಬಿಗೂ ಇದೇ ಉತ್ತರ ಕೊಟ್ಟಿದ್ದರು.

ಇಲ್ಲಿ ನನಗೆ ಮಣಿಪಾಲದ ವಿಜಯನಾಥ ಶೆಣೈ ನೆನಪಾಗುತ್ತಾರೆ. ಬ್ಯಾಂಕಿನ ಉದ್ಯೋಗಿಯಾಗಿದ್ದವರು, ಕೆಡವಲು ಹೊರಟಿದ್ದ ಹಳೆ ಮನೆಗಳನ್ನು ಹಲಗೆ ಹಲಗೆಯಾಗಿ ಬಿಚ್ಚಿ ತಂದು ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ಕಟ್ಟಿಸಿದರು. 2017ರಲ್ಲಿ ಅವರು ತೀರಿಕೊಂಡರು. ಅಲ್ಲಿಗೆ ಹೋದವರಿಗೆ ಗೊತ್ತು, ಮನೆಗಳು ಊರಿನ ಹೆಸರು ಹೊತ್ತೇ ನಿಂತಿವೆ: ಕುಂಜೂರು ಚೌಕಿ ಮನೆ, ಮಿಯಾರು ಮನೆ, ಮುಧೋಳ ಅರಮನೆಯ ದರ್ಬಾರ್ ಹಾಲ್. ಒಂದು ಕಂಬವನ್ನು ಮುಟ್ಟಿದರೆ ಅದು ಯಾವ ಮಳೆಗೆ ನೆನೆದ ಕಂಬ ಎಂದು ತಿಳಿಯುತ್ತದೆ. ವಸ್ತುಸಂಗ್ರಹಾಲಯಕ್ಕೂ ಬಡಾವಣೆಯ ಅಂಗಡಿಗೂ ಹೋಲಿಕೆ ಯಾಕೆ ಎಂದು ಕೇಳಬಹುದು. ಊರಿನ ಹೆಸರು ಉಳಿಸಿಕೊಳ್ಳಲು ದೊಡ್ಡ ಸಂಸ್ಥೆ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು ಎಂಬುದಕ್ಕಾಗಿ.

ಒಟ್ಟಿನಲ್ಲಿ ನನ್ನ ತೀರ್ಮಾನ ಹೀಗಿದೆ. ಸೀರೆಗಾಗಿ ಈ ಅಂಗಡಿಗೆ ಧಾರಾಳವಾಗಿ ಹೋಗಿ. ಬಿಚ್ಚಿಸಿ ನೋಡಿ, ಮಡಿಕೆಗಳನ್ನು ಬೆಳಕಿಗೆ ಹಿಡಿಯಿರಿ, ಮಗುಚಿ ಹಿಂಬದಿ ನೋಡಿ. ಅಂಗಡಿಯಾಕೆ ಬೇಸರಪಡುವುದಿಲ್ಲ, ಅದು ಅವರ ದೊಡ್ಡ ಗುಣ. ಒಳಕೋಣೆಯ ಮರ, ಗ್ರಾಮಫೋನು, ಪಟಗಳನ್ನು ನೋಡಿ ಸಂತೋಷಪಡಿ, ಚೀಟಿಯ ಮಾತನ್ನು ನಂಬಿ ಹಣ ಕೊಡಬೇಡಿ. ಹಿತ್ತಾಳೆ ಕೊಳ್ಳುವುದಾದರೆ ಉಜ್ಜದಿರುವುದನ್ನೇ ಕೇಳಿ. ಕಪ್ಪು ಹಿಡಿದ ಪಾತ್ರೆಗೆ ಮನೆಯ ಹುಣಸೆಹಣ್ಣು ಸಾಕು, ಅದರಿಂದ ಹೆಸರು ಸವೆಯುವುದಿಲ್ಲ.

ಆ ಚೊಂಬನ್ನು ನಾನು ಕೊಂಡು ತಂದೆ. ಹೋದ ವಾರ ಅಂಗಡಿಗೆ ಹೋದಾಗ ಅಂಗಡಿಯಾಕೆ ಹೆಸರಿರುವ ಎರಡು ಕೊಳದಪ್ಪಲೆಗಳನ್ನು ಬಫಿಂಗಿಗೆ ಕಳಿಸದೆ ಬೇರೆ ಇಟ್ಟಿದ್ದರು. ಮನೆ ಖಾಲಿ ಮಾಡುವಾಗ, ಬೀರು ತೆರವು ಮಾಡುವಾಗ ಹಳೆಯದನ್ನು ಅಂಗಡಿಗೆ ಕೊಡುವವರಲ್ಲಿ ನನ್ನದೊಂದು ಕೋರಿಕೆ ಇದೆ. ಕೊಡುವ ಮುನ್ನ ಒಂದು ಚೀಟಿ ಬರೆದು ಸೀರೆಯ ಮಡಿಕೆಯೊಳಗೆ, ಪಾತ್ರೆಯ ಬಾಯೊಳಗೆ ಇಡಿ: ಯಾರದು, ಯಾವ ಊರು, ಯಾವ ವರ್ಷದ ಮದುವೆಯದು.