ವಾರಕ್ಕೊಂದು ದೇಶ

ಸೋಮವಾರ ಮೆಕ್ಸಿಕೋದ ಬಾವುಟಕ್ಕೆ ಬಣ್ಣ ತುಂಬುವುದು. ಮಂಗಳವಾರ ಭೂಪಟದಲ್ಲಿ ರಾಜಧಾನಿಯನ್ನು ಹುಡುಕುವುದು. ಆಮೇಲೆ ಲೈಬ್ರರಿಯಿಂದ ತಂದ ಚಿತ್ರಪುಸ್ತಕ, ಬಣ್ಣದ ಕಾಗದದ ಪಿನ್ಯಾಟಾ, ಶುಕ್ರವಾರ ರಾತ್ರಿಯ ಊಟಕ್ಕೆ ಟಾಕೊ. ಕೈ ತೊಳೆದು ಬಂದ ಮಗುವಿನ ಕಾಗದದ ಪಾಸ್‌ಪೋರ್ಟಿಗೆ ಅಮ್ಮ ಒಂದು ಮುದ್ರೆ ಒತ್ತುತ್ತಾಳೆ. ಮುಂದಿನ ವಾರ ಜಪಾನ್. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಅನೇಕ ಅಮೆರಿಕನ್ ಕುಟುಂಬಗಳಲ್ಲಿ ಭೂಗೋಳದ ಪಾಠ ಹೆಚ್ಚುಕಡಿಮೆ ಹೀಗೇ ಸಾಗುತ್ತದೆ.

ಈ ರೂಢಿಗೆ ನೂರು ವರ್ಷಕ್ಕೂ ಮಿಕ್ಕಿದ ಹಿನ್ನೆಲೆಯಿದೆ. ಬಾಲ್ಟಿಮೋರಿನ ಕ್ಯಾಲ್ವರ್ಟ್ ಶಾಲೆ 20ನೇ ಶತಮಾನದ ಆರಂಭದಲ್ಲೇ ಮನೆಪಾಠದ ಸಾಮಗ್ರಿಯನ್ನು ಅಂಚೆಯಲ್ಲಿ ಕಳಿಸುತ್ತಿತ್ತು. ಅದರ ಮುಖ್ಯೋಪಾಧ್ಯಾಯ ವಿ. ಎಂ. ಹಿಲ್ಯರ್ 1929ರಲ್ಲಿ ಮಕ್ಕಳಿಗಾಗಿಯೇ ಲೋಕದ ಭೂಗೋಳ ಬರೆದರು. ಜಾನ್ ಹೋಲ್ಟ್ 1977ರಲ್ಲಿ ‘ಗ್ರೋಯಿಂಗ್ ವಿದೌಟ್ ಸ್ಕೂಲಿಂಗ್’ ಪತ್ರಿಕೆ ಶುರುಮಾಡಿದಾಗ ಮನೆಶಾಲೆ ಒಂದು ಚಳವಳಿಯ ರೂಪ ಪಡೆಯಿತು. 1993ರ ಹೊತ್ತಿಗೆ 50 ರಾಜ್ಯಗಳಲ್ಲೂ ಅದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತ್ತು. ಕೋವಿಡ್ ಕಾಲದಲ್ಲಿ, ಅಲ್ಲಿನ ಜನಗಣತಿ ಇಲಾಖೆಯ ಸಮೀಕ್ಷೆಯ ಪ್ರಕಾರ, ಶಾಲಾ ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ಮನೆಶಾಲೆಯ ಪಾಲು 2020ರ ವಸಂತದಲ್ಲಿದ್ದ ಶೇ. 5.4ರಿಂದ ಅದೇ ವರ್ಷದ ಶರತ್ಕಾಲಕ್ಕೆ ಶೇ. 11.1ಕ್ಕೆ ಏರಿತು. ಇಷ್ಟು ಮನೆಗಳ ಮಕ್ಕಳು ಲೋಕವನ್ನು ಹೇಗೆ ಕಲಿಯುತ್ತಾರೆ ಎನ್ನುವುದು ಆಯಾ ಮನೆಯ ಖಾಸಗಿ ವಿಷಯ ಮಾತ್ರವಲ್ಲ.

ಪದ್ಧತಿಯ ಶಕ್ತಿ ಎಲ್ಲಿದೆ ಎಂಬುದಕ್ಕೆ ಒಂದು ಕಿತ್ತಳೆ ಹಣ್ಣು ಸಾಕು. ಹಣ್ಣಿನ ಮೇಲೆ ಪೆನ್ನಿನಿಂದ ಖಂಡಗಳನ್ನು ಬರೆದು, ಸಿಪ್ಪೆಯನ್ನು ಆದಷ್ಟು ಇಡಿಯಾಗಿ ಸುಲಿದು, ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಲು ಮಗುವಿಗೆ ಹೇಳಬೇಕು. ಸಿಪ್ಪೆ ಹರಿಯುತ್ತದೆ. ಒತ್ತಿದಷ್ಟೂ ಹರಿಯುತ್ತದೆ. ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸಬೇಕಾದರೆ ಎಲ್ಲೋ ಎಳೆಯಬೇಕು, ಎಲ್ಲೋ ಕತ್ತರಿಸಬೇಕು ಎಂದು ಬೆರಳಿಗೆ ಮೊದಲು ಗೊತ್ತಾಗುತ್ತದೆ. ಆಮೇಲೆ ಗೋಡೆಯ ಮೇಲಿನ ಮರ್ಕೇಟರ್ ಭೂಪಟ ತೋರಿಸಿದರೆ, ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುವುದೇಕೆ ಎಂದು ಮಗುವೇ ಕೇಳುತ್ತದೆ. ಆಫ್ರಿಕಾದ ವಿಸ್ತೀರ್ಣ ಸುಮಾರು 3 ಕೋಟಿ ಚದರ ಕಿಲೋಮೀಟರ್. ಗ್ರೀನ್‌ಲ್ಯಾಂಡ್ ಅದರ ಹದಿನಾಲ್ಕನೇ ಒಂದು ಪಾಲು. ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿ ಓದಿ ಮರೆತುಹೋಗುವ ಈ ಸಂಗತಿ ಕೈಯಲ್ಲಿ ಹರಿದ ಸಿಪ್ಪೆ ಇರುವಾಗ ಮರೆಯುವುದಿಲ್ಲ. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಇದಕ್ಕೆ ಬಿಡುವು ಸಿಗುವುದು ಕಷ್ಟ. ಮನೆಗೆ ಆ ಬಿಡುವು ಇದೆ.

ಆದರೆ ಆ ಬಿಡುವನ್ನೇ ‘ವಾರಕ್ಕೊಂದು ದೇಶ’ ಎಂಬ ಲೆಕ್ಕ ತಿಂದುಹಾಕುತ್ತದೆ. ಬಾವುಟ, ಹಬ್ಬ, ತಿನಿಸು, ವೇಷ: ಈ ನಾಲ್ಕರ ಅಚ್ಚಿಗೆ ಎಲ್ಲ ದೇಶಗಳನ್ನೂ ಒತ್ತಿಬಿಟ್ಟರೆ ಮಗುವಿಗೆ ಕಾಣುವುದು ದೇಶವಲ್ಲ, ಅಚ್ಚು. ಲೂಯಿಸ್ ಡರ್ಮನ್-ಸ್ಪಾರ್ಕ್ಸ್ ಮತ್ತು ಸಂಗಡಿಗರು 1989ರಲ್ಲಿ ತಂದ ‘ಆ್ಯಂಟಿ-ಬಯಸ್ ಕರಿಕ್ಯುಲಮ್’ ಪುಸ್ತಕದಲ್ಲಿ ಇಂಥ ಪಾಠವನ್ನು ಪ್ರವಾಸಿಯ ಪಾಠ ಎಂದು ಕರೆದಿದ್ದರು. ಮೂರು ದಶಕ ದಾಟಿದರೂ ಆ ಟೀಕೆ ಹಳತಾಗಿಲ್ಲ.

ಮೇ 5ರ ‘ಸಿಂಕೋ ಡಿ ಮಾಯೊ’ವನ್ನೇ ನೋಡಿ. ಮೆಕ್ಸಿಕೋದ ವಾರ ಬಂತೆಂದರೆ ಮನೆಶಾಲೆಗಳಲ್ಲಿ ಇದೇ ಹಬ್ಬ. ಮೆಕ್ಸಿಕೋದ ಸ್ವಾತಂತ್ರ್ಯ ದಿನ ಅದೇ ಎಂದು ನಂಬಿದ ಅಮೆರಿಕನ್ನರು ಬಹಳ. ನಿಜದಲ್ಲಿ ಅದು 1862ರಲ್ಲಿ ಪ್ಯೂಬ್ಲಾ ನಗರದ ಬಳಿ ಫ್ರೆಂಚ್ ಸೇನೆಯನ್ನು ಸೋಲಿಸಿದ ದಿನ. ಮೆಕ್ಸಿಕೋದಲ್ಲಿ ಅದರ ಸಡಗರ ಮುಖ್ಯವಾಗಿ ಪ್ಯೂಬ್ಲಾದಲ್ಲಿ. ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16. ಅಂದರೆ ಮಗು ಕಲಿತದ್ದು ಮೆಕ್ಸಿಕೋವನ್ನಲ್ಲ, ಅಮೆರಿಕದವರು ಮೆಕ್ಸಿಕೋ ಎಂದುಕೊಂಡಿರುವುದನ್ನು.

ಆಸ್ಟ್ರೇಲಿಯಾದ ಪಾಠ ಇನ್ನೂ ನೋವಿನದು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಬಣ್ಣದಲ್ಲಿ ಅದ್ದಿ, ಆಮೆಯ ಚಿತ್ರದ ಮೇಲೆ ಚುಕ್ಕಿ ಇಡಿಸಿ, ಇದು ಮೂಲನಿವಾಸಿಗಳ ಸಾವಿರಾರು ವರ್ಷದ ಕಲೆ ಎಂದು ಹೇಳಿಕೊಡುವುದು ಸಾಮಾನ್ಯ. ನೆಲದ ಮೇಲೆ, ಮೈಮೇಲೆ ಬರೆಯುವ ಆ ವಿನ್ಯಾಸಗಳು ಪ್ರಾಚೀನವೇ ಹೌದು. ಆದರೆ ಹಲಗೆ, ಕ್ಯಾನ್ವಾಸುಗಳ ಮೇಲೆ ಆಕ್ರಿಲಿಕ್ ಬಣ್ಣದಲ್ಲಿ ಇಂದು ಜಗತ್ತು ಕಾಣುವ ಚುಕ್ಕಿ ಚಿತ್ರ 1971ರಲ್ಲಿ ಪಪುನ್ಯಾ ಎಂಬ ಮರುಭೂಮಿಯ ನೆಲೆಯಲ್ಲಿ ಶುರುವಾದದ್ದು. ಚಿತ್ರದೊಳಗಿನ ಕತೆಗಳು ಆಯಾ ಕುಲಕ್ಕೆ ಸೇರಿದವು. ಹೊರಗಿನವರ ಕಣ್ಣಿಗೆ ಬೀಳಬಾರದ ಪವಿತ್ರ ಸಂಗತಿಗಳನ್ನು ಮರೆಮಾಡಲು ಕೂಡ ಚುಕ್ಕಿಗಳು ಬಳಕೆಯಾದವು. ಈ ಹಿನ್ನೆಲೆ ಹೇಳಿ, ಒಂದು ಮೂಲಚಿತ್ರವನ್ನು ಮಗುವಿನ ಜೊತೆ ಕೂತು ಸಾವಧಾನವಾಗಿ ನೋಡಿದರೆ ಅದು ಪಾಠ. ಬಣ್ಣದ ಡಬ್ಬಿ ತೆರೆಯುವ ಅಗತ್ಯವೇ ಇಲ್ಲ.

ಹಾಗಾದರೆ ಕೈಕೆಲಸದ ಪಾಠ ಯಾವಾಗ ಗೆಲ್ಲುತ್ತದೆ? ಮಾಡುವ ವಸ್ತುವಿನೊಳಗೇ ಆ ನಾಡಿನ ಕಾರಣಗಳು ಅಡಗಿರುವಾಗ. ಇಥಿಯೋಪಿಯಾದ ಇಂಜೆರಾ ಇದಕ್ಕೆ ಬಲವಾದ ಉದಾಹರಣೆ. ಅವಸರದ ಮನೆಪಾಠದಲ್ಲಿ ಮೈದಾಕ್ಕೆ ಸೋಡಾ ನೀರು ಕಲಸಿ ಹತ್ತು ನಿಮಿಷದಲ್ಲಿ ಇಂಜೆರಾ ಹೊಯ್ಯುತ್ತಾರೆ. ಆಕಾರ ಬರುತ್ತದೆ, ತೂತುಗಳೂ ಬರುತ್ತವೆ, ಇಥಿಯೋಪಿಯಾ ಮಾತ್ರ ಬರುವುದಿಲ್ಲ. ನಿಜವಾದ ಇಂಜೆರಾಗೆ ಟೆಫ್ ಹಿಟ್ಟು ಬೇಕು. ಗಸಗಸೆಯ ಗಾತ್ರದ ಈ ಧಾನ್ಯ ಎತ್ತರದ ಪ್ರಸ್ಥಭೂಮಿಯಲ್ಲಿ, ನೀರು ನಿಂತ ಕಪ್ಪು ಮಣ್ಣಿನಲ್ಲೂ ಮಳೆ ಕೈಕೊಟ್ಟ ವರ್ಷದಲ್ಲೂ ಏಳುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಇದರಲ್ಲಿಲ್ಲ, ಆದ್ದರಿಂದ ಬ್ರೆಡ್ಡಿನಂತೆ ಉಬ್ಬಿ ನಿಲ್ಲುವುದಿಲ್ಲ. ಹಿಟ್ಟನ್ನು ನೀರಿನಲ್ಲಿ ಕಲಸಿ, ಹಿಂದಿನ ಸಲದ ಹುಳಿನೀರು ಸೇರಿಸಿ ಎರಡು ಮೂರು ದಿನ ಇಡುತ್ತಾರೆ. ಅಗಲವಾದ ಕಾವಲಿಯ ಮೇಲೆ ಅಂಚಿನಿಂದ ಒಳಕ್ಕೆ ಸುತ್ತುತ್ತಾ ಹೊಯ್ದು, ಮುಚ್ಚಿ, ಒಂದೇ ಬದಿ ಬೇಯಿಸುತ್ತಾರೆ, ಮಗುಚುವುದಿಲ್ಲ. ಮೂರು ದಿನ ಬೆಳಗಾಗೆದ್ದು ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡುವ ಮಗು ಹುದುಗುವಿಕೆಯನ್ನೂ ಹವಾಗುಣವನ್ನೂ ಬೇಸಾಯವನ್ನೂ ಒಟ್ಟಿಗೆ ಕಲಿಯುತ್ತದೆ.

ಪಾಠ ಅಲ್ಲಿಗೇ ನಿಲ್ಲಬೇಕಿಲ್ಲ. ಟೆಫ್‌ನ ಹುಲ್ಲು ದನಕ್ಕೆ ಮೇವು, ಮಣ್ಣಿನ ಗೋಡೆಗೆ ಬಲ. ಹುಲ್ಲು ಬೆರೆಸಿದ ಕೆಸರಿನದೊಂದು, ಬೆರೆಸದ್ದೊಂದು ಇಟ್ಟಿಗೆ ಮಾಡಿ ಬಿಸಿಲಿಗಿಟ್ಟರೆ ಎರಡರ ಬಿರುಕನ್ನು ಮಗು ಹೋಲಿಸಿ ನೋಡಬಹುದು. ಮನೆಶಾಲೆಯವರಿಗೆ ಅಚ್ಚುಮೆಚ್ಚಿನ ಉಪ್ಪುಹಿಟ್ಟಿನ ಭೂಪಟವೂ ಇಲ್ಲಿ ನಿಜಕ್ಕೆ ಹತ್ತಿರವಾದೀತು, ಅಳತೆ ಹಿಡಿದು ಮಾಡಿದರೆ. ಇಥಿಯೋಪಿಯಾವನ್ನು ಸೆಂಟಿಮೀಟರಿಗೆ 40 ಕಿಲೋಮೀಟರ್ ಲೆಕ್ಕದಲ್ಲಿ ಬರೆದರೆ, 4,500 ಮೀಟರ್ ದಾಟಿದ ರಾಸ್ ದಾಷೆನ್ ಶಿಖರ ಆ ಭೂಪಟದಲ್ಲಿ ಒಂದು ಮಿಲಿಮೀಟರಿಗಿಂತ ತುಸು ಎತ್ತರ, ಅಷ್ಟೇ. ಮಕ್ಕಳು ಎರಡು ಬೆರಳೆತ್ತರ ಹಿಟ್ಟು ಪೇರಿಸುತ್ತಾರೆ. ಪೇರಿಸಲಿ, ಎಷ್ಟು ಪಟ್ಟು ಹೆಚ್ಚು ಎಂದು ಅವರೇ ಗುಣಿಸಿ ಪಕ್ಕದಲ್ಲಿ ಬರೆಯಲಿ. ಜೊತೆಗೆ ಇಂದಿನ ಇಥಿಯೋಪಿಯಾವೂ ಬರಬೇಕು: ಆಡಿಸ್ ಅಬಾಬಾದಲ್ಲಿ 2015ರಿಂದ ಓಡುತ್ತಿರುವ ಲೈಟ್ ರೈಲು, ಹದಿಮೂರು ತಿಂಗಳ ಪಂಚಾಂಗ ಹಿಡಿದು ಆಫೀಸು ನಡೆಸುವ ಜನ, 1896ರಲ್ಲಿ ಅಡುವಾದಲ್ಲಿ ಇಟಲಿಯನ್ನು ಸೋಲಿಸಿದ ಕತೆ. ಇದೆಲ್ಲ ಒಂದು ವಾರದ ಕೆಲಸವಲ್ಲ.

ಭಾರತದ ಪಾಳಿ ಬಂದಾಗಲೂ ಅದೇ ಅಚ್ಚು. ಹಣತೆ, ರಂಗೋಲಿ, ಹುಲಿ, ತಾಜ್ ಮಹಲ್, ಮ್ಯಾಂಗೋ ಲಸ್ಸಿ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಬೆಳಿಗ್ಗೆ ಬಸ್ಸಿಗೆ ಕಾಯುವವರು, ನಲ್ಲಿ ನೀರು ಬರುವ ಹೊತ್ತಿಗೆ ಏಳುವವರು, ಒಂದೇ ಬೀದಿಯಲ್ಲಿ ನಾಲ್ಕು ಭಾಷೆ ಆಡುವವರು ಆ ಪಾಠದಲ್ಲಿ ಎಲ್ಲೂ ಸಿಗುವುದಿಲ್ಲ. ಹಬ್ಬದಿಂದ ಶುರುವಾದ ಪಾಠ ದಿನನಿತ್ಯಕ್ಕೆ ಇಳಿಯುವುದೇ ಅಪರೂಪ. ದಿನನಿತ್ಯದಿಂದ ಶುರುಮಾಡಿದರೆ ಹಬ್ಬ ತಾನಾಗಿ ಬರುತ್ತದೆ.

ಮಾರುಕಟ್ಟೆಯ ಪಠ್ಯಕ್ರಮಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮನೆಶಾಲೆಯ ಸಾಮಗ್ರಿ ಪ್ರಕಟಿಸುವವರಲ್ಲಿ ಕ್ರೈಸ್ತ ಪ್ರಕಾಶಕರು ಬಹಳ. ಅಂಥ ಕೆಲವು ಪಠ್ಯಕ್ರಮಗಳಲ್ಲಿ ದೂರದೇಶದ ಪರಿಚಯ ಆಗುವುದೇ ಅಲ್ಲಿಗೆ ಹೋದ ಮಿಷನರಿಯ ಜೀವನಕತೆಯಿಂದ. ನಂಬಿಕೆಯಿರುವ ಮನೆ ಅದನ್ನು ಓದಿಸುವುದು ಸಹಜ. ತೊಡಕು ಎಲ್ಲಿದೆಯೆಂದರೆ, ಆ ಕತೆಗಳಲ್ಲಿ ಕೊಡುವವನು ಸದಾ ಹೊರಗಿನವನು, ಸ್ಥಳೀಕರು ಸದಾ ಪಡೆಯುವವರು. ಕನ್ನಡಿಗರಿಗೆ ಗೊತ್ತಿರುವ ಚಿತ್ರ ಬೇರೆ. ಬಾಸೆಲ್ ಮಿಷನ್ನಿನ ಕಿಟೆಲ್ ಅವರ ನಿಘಂಟು 1894ರಲ್ಲಿ ಹೊರಬಂದದ್ದು ಅವರು ಈ ನೆಲದ ಪಂಡಿತರಿಂದ, ಜನರಿಂದ ವರ್ಷಗಟ್ಟಲೆ ಕಲಿತದ್ದರಿಂದ. ಇಂಥ ಎರಡೂ ಕಡೆಯ ಕೊಡುಕೊಳೆ ಕಾಣುವ ಪುಸ್ತಕವೊಂದು ಪಕ್ಕದಲ್ಲಿದ್ದರೆ ಮಗುವಿನ ನೋಟ ಒಂದೇ ದಿಕ್ಕಿಗೆ ಹೊರಳುವುದಿಲ್ಲ.

ಅಮೆರಿಕದ ಕನ್ನಡ ಮನೆಗಳಿಗೆ ಈ ಪದ್ಧತಿಯಲ್ಲಿ ಒಂದು ವಿಶೇಷ ಅನುಕೂಲವಿದೆ. ಮಕ್ಕಳನ್ನು ಶಾಲೆಗೆ ಕಳಿಸುವ ಮನೆಗಳಿಗೂ, ವಾರಾಂತ್ಯದ ಕನ್ನಡ ಶಾಲೆಗಳಿಗೂ ಇದು ಒದಗೀತು. ಅಡುಗೆಮನೆಯ ಡಬ್ಬಿಯಲ್ಲಿರುವ ರಾಗಿ ಮೂಲತಃ ಇಥಿಯೋಪಿಯಾ, ಉಗಾಂಡಗಳ ಎತ್ತರದ ನಾಡಿನಲ್ಲಿ ಪಳಗಿದ ಧಾನ್ಯ. ಟೆಫ್ ಮತ್ತು ರಾಗಿ ಹುಲ್ಲಿನ ಕುಟುಂಬದ ಒಂದೇ ಉಪಕುಟುಂಬಕ್ಕೆ ಸೇರಿದವು. ಎರಡೂ ಹಿಟ್ಟನ್ನು ಎರಡು ಬಟ್ಟಲಿನಲ್ಲಿ ಕಲಸಿ, ಒಂದೇ ಅವಧಿ ಹುಳಿಗಿಟ್ಟು, ಕೊನೆಗೆ ಒಂದರಲ್ಲಿ ಇಂಜೆರಾ, ಇನ್ನೊಂದರಲ್ಲಿ ರಾಗಿ ದೋಸೆ ಹೊಯ್ದು ನೋಡಿದರೆ ಯಾವುದು ಎಷ್ಟು ಉಬ್ಬಿತು, ಎಷ್ಟು ತೂತು ಬಿತ್ತು, ಎಷ್ಟು ಹುಳಿಯಾಯಿತು ಎಂದು ಮಗು ಬರೆದಿಡಬಹುದು. ಆಮೇಲೆ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ಆಫ್ರಿಕಾದ ಧಾನ್ಯ ಹಳೇ ಮೈಸೂರಿನ ಹೊಲಕ್ಕೆ ಬಂದದ್ದು ಹೇಗೆ, ಯಾವಾಗ? ಪುರಾತನ ಸಸ್ಯಾವಶೇಷಗಳ ತಜ್ಞರಲ್ಲಿ ಕಾಲದ ಬಗ್ಗೆ ಇನ್ನೂ ವಾದವಿದೆ ಎಂಬುದನ್ನು ಮುಚ್ಚಿಡದೆ ಹೇಳಬಹುದು. ಗಟ್ಟಿ ಉತ್ತರವಿಲ್ಲದ ಪ್ರಶ್ನೆಯನ್ನು ಮಕ್ಕಳು ಬೇಗ ಬಿಡುವುದಿಲ್ಲ.

ವರ್ಷಕ್ಕೆ ಮೂವತ್ತು ದೇಶಗಳ ಪಟ್ಟಿ ಹಿಡಿದು ಓಡುವ ಮನೆಗಳು ಆ ಪಟ್ಟಿಯನ್ನು ಐದಾರಕ್ಕೆ ಇಳಿಸಲಿ. ಒಂದೊಂದಕ್ಕೂ ಒಂದು ಧಾನ್ಯ, ಒಂದು ಕಟ್ಟಡದ ಸಾಮಗ್ರಿ, ಆ ನಾಡಿನವರೇ ಬರೆದ ಒಂದು ಮಕ್ಕಳ ಪುಸ್ತಕ, ಸಾಧ್ಯವಾದರೆ ತಮ್ಮ ಊರಿನಲ್ಲೇ ನೆಲೆಸಿರುವ ಆ ದೇಶದವರೊಬ್ಬರ ಜೊತೆ ಒಂದು ಸಂಜೆಯ ಮಾತು. ಆ ಸಂಜೆಗೆ ಮಗು ಬಾವುಟ ಹಿಡಿದು ಹೋಗುವುದು ಬೇಡ. ತನ್ನ ಇಂಜೆರಾದಲ್ಲಿ ತೂತು ಸರಿಯಾಗಿ ಏಕೆ ಬೀಳಲಿಲ್ಲ ಎಂದು ಕೇಳಲು ಹೋಗಲಿ.