ಗುಡ್‌ವಿಲ್ ಮತ್ತು ಜೇಡಿಮಣ್ಣು

ವುಡ್‌ಬ್ರಿಡ್ಜ್ ಎಂದೊಡನೆ ಅದು ಇಂಗ್ಲೆಂಡಿನದೋ ಅಮೆರಿಕದ್ದೋ ಎಂದು ಊರಿನ ನೆಂಟರು ಕೇಳುವುದುಂಟು. ನಾನಿರುವುದು ನ್ಯೂಜೆರ್ಸಿಯದರಲ್ಲಿ. ಮ್ಯಾಸಚೂಸೆಟ್ಸ್‌ನ ಪಾದ್ರಿ ಜಾನ್ ವುಡ್‌ಬ್ರಿಡ್ಜ್ ಅವರಿಂದ ಇದಕ್ಕೆ ಹೆಸರು ಬಂತೆಂಬುದು ಪ್ರಚಲಿತ ವಿವರಣೆ. ಎರಡೂ ಉಬ್ಬರವಿಳಿತದ ನೀರಿನ ದಡದ ಹಳೆಯ ಊರುಗಳೇ. ಆದರೆ ಪರಂಪರೆಯ ಲೆಕ್ಕ ಬರೆಯುವ ರೀತಿ ಬೇರೆ ಬೇರೆ. ನನ್ನ ತಕರಾರು ಇರುವುದು ಅಲ್ಲಿ.

ನಮ್ಮೂರ ಇತಿಹಾಸ ಹೇಳುವವರು ಹೆಗ್ಗಳಿಕೆಗಳ ಪಟ್ಟಿ ಕೊಡುತ್ತಾರೆ. 1669ರ ಸನದು, 1751ರಲ್ಲಿ ಜೇಮ್ಸ್ ಪಾರ್ಕರ್ ತೆರೆದ, ನ್ಯೂಜೆರ್ಸಿಯ ಮೊದಲ ಕಾಯಂ ಮುದ್ರಣಾಲಯ, 1789ರಲ್ಲಿ ಅಧ್ಯಕ್ಷ ಪದವಿ ಸ್ವೀಕರಿಸಲು ಹೊರಟ ವಾಷಿಂಗ್ಟನ್ ತಂಗಿದ ಛತ್ರ, 1929ರಲ್ಲಿ ತೆರೆದ, ದೇಶದ ಮೊದಲ ಕ್ಲೋವರ್‌ಲೀಫ್ ರಸ್ತೆ ಕೂಡುದಾಣ. ಎಲ್ಲವೂ ಸರಿಯೇ. ನಮ್ಮ ಕಸುಬಿನಲ್ಲಿ ಇದನ್ನು ಗುಡ್‌ವಿಲ್ ಎನ್ನುತ್ತೇವೆ, ಅಂದರೆ ಹೆಸರಿನ ಬೆಲೆ. ಬರೀ ಗುಡ್‌ವಿಲ್ ತೋರಿಸಿ ದುಡಿಮೆಯ ಬಾಬತ್ತನ್ನು ಅಡಿಟಿಪ್ಪಣಿಗೆ ತಳ್ಳಿದ ಆಸ್ತಿಪಟ್ಟಿಗೆ ಲೆಕ್ಕಪರಿಶೋಧಕ ಸುಲಭವಾಗಿ ಸಹಿ ಹಾಕುವುದಿಲ್ಲ.

ಈ ಊರಿನ ನಿಜವಾದ ಬಂಡವಾಳ ಜೇಡಿಮಣ್ಣು. ಹಂಗೇರಿ ಮುಂತಾದ ಕಡೆಗಳಿಂದ ಬಂದ ವಲಸಿಗರು ಇಲ್ಲಿ ಗುಂಡಿ ತೋಡಿದರು, ಬೆಂಕಿ ತಾಳುವ ಇಟ್ಟಿಗೆ ಸುಟ್ಟರು. ಈ ಮಣ್ಣಿನ ಪದರಕ್ಕೆ ಭೂವಿಜ್ಞಾನಿಗಳು ವುಡ್‌ಬ್ರಿಡ್ಜ್ ಜೇಡಿ ಎಂದೇ ಹೆಸರಿಟ್ಟರು. ಆದರೆ ಗುಂಡಿಗಳಿದ್ದ ಜಾಗದಲ್ಲಿ 1971ರಲ್ಲಿ ಮಾಲ್ ಎದ್ದಿತು. ದೀಪಾವಳಿಗೆ ಅಲ್ಲಿ ಬಟ್ಟೆ ಕೊಳ್ಳುವ ನಮ್ಮಲ್ಲಿ ಕಾಲಡಿಯ ಕಥೆ ಗೊತ್ತಿರುವವರು ಕಡಿಮೆ.

ಡೆಬೆನ್ ನದಿಯ ಮೇಲಿನ ಇಂಗ್ಲಿಷ್ ವುಡ್‌ಬ್ರಿಡ್ಜ್ ನೋಡಿ. ಎದುರು ದಂಡೆಯ ಸಟನ್ ಹೂನಲ್ಲಿ 1939ರಲ್ಲಿ ರಾಜವೈಭವದ ಹಡಗು ಸಮಾಧಿಯೇ ಸಿಕ್ಕಿತು. ಆದರೂ ಊರು ತನ್ನ ಹಿಟ್ಟಿನ ಗಿರಣಿಯನ್ನು ಮರೆಯಲಿಲ್ಲ. ಉಬ್ಬರದ ನೀರನ್ನು ಕೊಳದಲ್ಲಿ ತಡೆದಿಟ್ಟು, ಇಳಿತದ ವೇಳೆ ಬಿಟ್ಟು ಚಕ್ರ ತಿರುಗಿಸುವ ಈ ಗಿರಣಿಯ ಉಲ್ಲೇಖ 1170ರಷ್ಟು ಹಳೆಯದು. 1957ರಲ್ಲಿ ನಿಂತುಹೋದದ್ದನ್ನು ದುರಸ್ತಿ ಮಾಡಿ ಮತ್ತೆ ತಿರುಗಿಸಿದ್ದಾರೆ. ಅಲ್ಲಿ ರಾಜನಿಗೂ ಖಾತೆಯುಂಟು, ಹಿಟ್ಟು ಬೀಸಿದವನಿಗೂ ಉಂಟು.

ಮಣ್ಣಿನ ಮಾತು ಕನ್ನಡಿಗರಿಗೆ ಹೊಸದಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿತು. ನದಿದಂಡೆಯ ಜೇಡಿ ಹಂಚಾಗಿ ಸಮುದ್ರ ದಾಟಿತು. ಮಿಷನ್ನಿನ ಹೆಸರು ನಮಗೆ ಗೊತ್ತು. ಮಣ್ಣು ತುಳಿದವರ ಹೆಸರು?

ಇದು ಬರೀ ಹಳೆಯ ಕಥೆಯಲ್ಲ. ಇದೇ ಟೌನ್‌ಶಿಪ್‌ನ ಐಸ್ಲಿನ್‌ನಲ್ಲಿ ಓಕ್ ಟ್ರೀ ರಸ್ತೆಯಿದೆ. ಭಾರತೀಯರು ಕಟ್ಟಿದ ಪೇಟೆ. ಮುಂದೊಂದು ದಿನ ಅದೂ ಇತಿಹಾಸವಾಗುತ್ತದೆ. ಆದರೆ ನಮ್ಮ ಕೂಟಗಳ ಸ್ಮರಣಸಂಚಿಕೆ ತೆರೆದರೆ ಕಾಣುವುದು ಅಧ್ಯಕ್ಷರ ಸಂದೇಶ, ಪದಾಧಿಕಾರಿಗಳ ಚಿತ್ರ, ಗಣ್ಯರಿಗೆ ಹಾಕಿದ ಶಾಲು. ಕಿರಾಣಿ ಅಂಗಡಿಯಲ್ಲಿ ಹನ್ನೆರಡು ತಾಸು ನಿಂತವರು, ಭಾನುವಾರಗಳನ್ನು ಬಿಟ್ಟುಕೊಟ್ಟು ಮಕ್ಕಳಿಗೆ ಅ ಆ ಇ ಈ ತಿದ್ದಿಸಿದವರು ಯಾವ ಪುಟದಲ್ಲೂ ಇಲ್ಲ. ನಾವೂ ಗುಡ್‌ವಿಲ್ಲನ್ನೇ ಬರೆಯುತ್ತಿದ್ದೇವೆ.

ಬರುವ ಯುಗಾದಿಯ ಸಂಚಿಕೆಯಲ್ಲಿ ಸಂದೇಶಗಳ ನಾಲ್ಕು ಪುಟ ಕಡಿಮೆ ಮಾಡಿ, ಅಂಥ ನಾಲ್ವರನ್ನು ಮಾತನಾಡಿಸಿ ಬರೆದರೆ ಸಾಕು. ಅವರು ಇನ್ನೂ ನಮ್ಮ ನಡುವೆ ಇದ್ದಾರೆ.